ಮೂವತ್ತಾರನೇ ನಂಬರಿನ ಹೆಂಡತಿ

ಅವಳಿಗೆ ‘ಮೂವತ್ತಾರು’ ಅಂತ ಹೆಸರು ಬಿದ್ದದ್ದು ಕಾಲಿನಿಂದ. ವಯಸ್ಸು ನಲವತ್ತೆರಡು ದಾಟಿತ್ತು. ಹಾಗಾಗಿ ಹೊಸಬರು ಆ ಹೆಸರು ಕೇಳಿ ಅವಳ ಮುಖ ನೋಡಿ, ಇನ್ನೊಮ್ಮೆ ನೋಡಿ, ಯಾಕೆ ಬೇಕು ಅಂತ ಸುಮ್ಮನಾಗುತ್ತಿದ್ದರು. ಹೆಸರಿಟ್ಟವನು ಗಂಡ.

ಗಂಡ ದೊಡ್ಡ ರಸ್ತೆಯ ಬೂಟಿನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಲು ಅಳೆಯುವವನು. ಮಾರುವುದಕ್ಕೆ ಬೇರೆಯವರಿದ್ದರು, ಇವನದು ಅಳತೆ ಮಾತ್ರ. ಚಳಿಗಾಲ ಹತ್ತಿರ ಬಂತೆಂದರೆ ಊರಿಗೆ ಊರೇ ಅವನ ಮುಂದೆ ಕಾಲು ಚಾಚಿ ಕೂರುತ್ತಿತ್ತು. ಬೆಳಿಗ್ಗೆ ಬಂದವರನ್ನು ಅವನು ವಾಪಸ್ ಕಳಿಸುತ್ತಿದ್ದ. “ಸಾಯಂಕಾಲ ಬನ್ನಿ ಸಾರ್, ನೀವು ಎದ್ದಿದ್ದೀರಿ, ನಿಮ್ಮ ಕಾಲು ಇನ್ನೂ ಎದ್ದಿಲ್ಲ.” ದಿನವಿಡೀ ಓಡಾಡಿ ಕಾಲು ಉಬ್ಬಿದ ಮೇಲೇ ಅಳತೆ, ಅದೂ ನಿಲ್ಲಿಸಿ, ಉಣ್ಣೆಯ ದಪ್ಪ ಸಾಕ್ಸ್ ಹಾಕಿಸಿ, ಎರಡೂ ಕಾಲು. ಬೂಟು ಒಂದು ನಂಬರ್ ದೊಡ್ಡದೇ ಇರಬೇಕು. ಯಾರಾದರೂ ಬಿಗಿ ಬೂಟು ಕೇಳಿದರೆ ಅವನಿಗೆ ಮೈಯೆಲ್ಲ ಉರಿ. “ಬಿಗಿ ಬೂಟಲ್ಲಿ ಬೆಚ್ಚಗಿರ್ತೀನಿ ಅನ್ನೋನೂ ಒಂದೇ, ಕಿಟಕಿ ತೆಗೆದಿಟ್ಟು ಒಲೆ ಹಚ್ಚೋನೂ ಒಂದೇ. ರಕ್ತ ಓಡಾಡೋಕೆ ಜಾಗ ಬೇಡ್ವೇನ್ರೀ?”

ಅವಳು ಮೊದಲು ಅವನೆದುರು ಕೂತದ್ದೂ ಗಿರಾಕಿಯಾಗಿಯೇ, ತಾಯಿಯ ಜೊತೆ. ಅವನು ಎಡಗಾಲು ಅಳೆದ, ಬಲಗಾಲು ಅಳೆದ, ನಂಬಿಕೆ ಬಾರದೆ ಮತ್ತೆ ಎಡಗಾಲು ಅಳೆದ. ಎರಡೂ ಮೂವತ್ತಾರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಲ್ಲರಿಗೂ ಒಂದು ಕಾಲು ಇನ್ನೊಂದಕ್ಕಿಂತ ತುಸು ದೊಡ್ಡದೇ ಇರುತ್ತದೆ, ಇದು ಅವನ ವೃತ್ತಿಯ ಮೊದಲ ಪಾಠ. “ಅಮ್ಮಾ, ಇಂಥ ಜೋಡಿ ನಾನು ನೋಡೇ ಇಲ್ಲ” ಅಂದ. ತಾಯಿ, “ಬೂಟು ತೋರ್ಸಪ್ಪ ಮೊದಲು” ಅಂದಳು. ಆರು ತಿಂಗಳಲ್ಲಿ ಮದುವೆಯೂ ಆಗಿಹೋಯಿತು.

ಅಲ್ಲಿಂದ ಮುಂದೆ ಪ್ರತಿ ಚಳಿಗಾಲದ ಮೊದಲ ವಾರ ಅವನು ಡಬ್ಬ ಹಿಡಿದು ಮನೆಗೆ ಬರುತ್ತಿದ್ದ. ಕಪ್ಪು ಬೂಟು, ಮುಂದೆ ಚೂಪು, ಹಿಂದೆ ಎರಡು ಬೆರಳು ಎತ್ತರ. ಅಳತೆ ತೆಗೆಯುವ ಮಾತೇ ಇಲ್ಲ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದ, “ಊರಿನ ಕಾಲಿಗೆಲ್ಲ ಅಳತೆ ಮಣೆ ಬೇಕು. ನನ್ನ ಹೆಂಡತಿ ಕಾಲು ಕಣ್ಣು ಮುಚ್ಕೊಂಡು ಹೇಳ್ತೀನಿ.”

ಮಗಳು ಹುಟ್ಟಿದ ವರ್ಷ ಅವಳ ಕಾಲು ಬೆಳೆಯಿತು. ಹೆರಿಗೆಯಾದ ಮೇಲೆ ಕೆಲವರಿಗೆ ಆಗುತ್ತದೆ. ಆ ವರ್ಷದ ಬೂಟಿಗೆ ಕಾಲು ತೂರಿಸಿದಾಗ ಬೆರಳೈದೂ ಒಂದರ ಮೇಲೊಂದು ಹತ್ತಿ ಕೂತವು. ಗಂಡ ಒಂದು ಕೈಯಲ್ಲಿ ಕೂಸು ಹಿಡಿದು ನೆಲದ ಮೇಲೆ ಕೂತಿದ್ದ. “ಹೆಂಗೆ? ಕಣ್ಣು ಮುಚ್ಕೊಂಡು ತಂದಿದ್ದು!” ಅಂದ. ಮೂರು ರಾತ್ರಿ ನಿದ್ದೆಗೆಟ್ಟ ಆ ಮುಖದಲ್ಲಿ ಅಷ್ಟು ಬೆಳಕು. “ಸರಿಯಾಗಿದೆ” ಅಂದಳು. ಬಾವು ಇಳಿದ ಮೇಲೆ ಸರಿಹೋಗುತ್ತದೆ ಅಂದುಕೊಂಡಳು. ಇಳಿಯಲಿಲ್ಲ. ಮುಂದಿನ ವರ್ಷ ಹೇಳೋಣ ಅಂದುಕೊಂಡಳು. ಮುಂದಿನ ವರ್ಷ, “ಹೋದ ವರ್ಷ ಯಾಕೆ ಹೇಳಲಿಲ್ಲ?” ಅಂತ ಕೇಳಿದರೆ? ಹೀಗೆ ಹದಿನಾರು ಚಳಿಗಾಲ ಅದೇ ಒಂದು ಮಾತು.

ಅದಕ್ಕೆ ಅವಳು ಉಪಾಯ ಕಂಡುಕೊಂಡಿದ್ದಳು. ಬೂಟಿನ ಒಳಗಿನ ಅಟ್ಟೆ ಕಿತ್ತು ಬೀರುವಿನ ಹಿಂದೆ ಹಾಕುವುದು, ಉಣ್ಣೆ ಸಾಕ್ಸ್ ಬಿಟ್ಟು ತೆಳ್ಳನೆಯ ನೈಲಾನ್ ಹಾಕುವುದು, ಮತ್ತು ಆದಷ್ಟು ನಡೆಯದಿರುವುದು. ಕೆಲಸವೂ ಅಂಥದ್ದೇ ಇತ್ತು. ಮನೆಯಲ್ಲೇ ಮಿಷನ್ ಮುಂದೆ ಕೂತು ಊರವರ ಚಳಿಗಾಲದ ಕೋಟು ಬಿಗಿ ಮಾಡುವುದು, ಸಡಿಲ ಮಾಡುವುದು, ಹರಿದ ಲೈನಿಂಗ್ ಬದಲಿಸುವುದು. ಯಾರ ಕತ್ತಿಗೆ ಎಂಥ ಕಾಲರು, ಬೂದು ಕೋಟಿಗೆ ಯಾವ ಬಣ್ಣದ ಗುಂಡಿ, ಎಲ್ಲ ಅವಳನ್ನು ಕೇಳಿಯೇ ಆಗಬೇಕು. ಅವಳ ಕಾಲಿಗೆ ಏನು ಇಷ್ಟ ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ಹೀಗಿರುವಾಗ ಅಂಚೆ ಕಚೇರಿಯಲ್ಲಿ ಕಾಗದ ಹಂಚುವ ಕೆಲಸ ಖಾಲಿಯಾಯಿತು. ಅವಳು ಮನೆಯಲ್ಲಿ ಘೋಷಿಸಿಬಿಟ್ಟಳು, “ಹದಿನಾರು ವರ್ಷ ಕೂತಿದ್ದಾಯ್ತು. ಇನ್ಮೇಲೆ ನಡೀತೀನಿ.” ಗಂಡ ಹಿಗ್ಗಿದ. “ನಡಿ ನಡಿ! ಆ ಕಾಲು ಇರೋದೇ ನಡೆಯೋಕೆ” ಅಂತ ಅದೇ ದಿನ ಹೊಸ ಡಬ್ಬ ತಂದ. ಕಪ್ಪು, ಚೂಪು, ಎರಡು ಬೆರಳು ಎತ್ತರ.

ಅಂಚೆ ಕಚೇರಿಯ ಮುಖ್ಯಸ್ಥೆ ಮಾತು ಕಮ್ಮಿಯ ಹೆಂಗಸು. ಪರೀಕ್ಷೆಗೆ ಆರು ದಿನ, ಸೋಮವಾರದಿಂದ ಶನಿವಾರ. ದಿಬ್ಬದ ಮೇಲಿನ ಬಡಾವಣೆ, ಇನ್ನೂರ ಹದಿನಾಲ್ಕು ಬಾಗಿಲು, ಮಧ್ಯೆ ನಾಲ್ಕು ಕಡೆ ಮೆಟ್ಟಿಲು. ಎಂಟಕ್ಕೆ ಚೀಲ ಹೊತ್ತು ಹೊರಟರೆ ಒಂದು ಗಂಟೆಗೆ ವಾಪಸ್ ಬರಬೇಕು.

ಸೋಮವಾರ ಅವಳು ಬಂದದ್ದು ಎರಡು ಗಂಟೆಗೆ. ರಸ್ತೆಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಮಂಜು, ಅದರ ಚಳಿ ಅಟ್ಟೆ ಇಲ್ಲದ ಬೂಟಿನ ತಳದಿಂದ ನೇರ ಮೂಳೆಗೇ ಹತ್ತುತ್ತಿತ್ತು. ನೂರನೇ ಮನೆ ದಾಟುವಷ್ಟರಲ್ಲಿ ಬೆರಳುಗಳು ತನ್ನವೇ ಅನ್ನುವುದು ಮರೆತುಹೋಗಿತ್ತು. ಮಂಗಳವಾರ ಇನ್ನೂ ಹತ್ತು ನಿಮಿಷ ತಡ.

ಮುಖ್ಯಸ್ಥೆ ಗಡಿಯಾರ ನೋಡಿದಳು. “ಕಾಗದ ಒಂದೂ ತಪ್ಪು ಮನೆಗೆ ಹೋಗಿಲ್ಲ, ಅದು ಸರಿ. ಆದ್ರೆ ಶನಿವಾರದೊಳಗೆ ಒಂದು ಗಂಟೆಗೆ ಬರೋಕಾಗ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತಮ್ಮ.”

ಅದೇ ದಾರಿಯಲ್ಲಿ ಮೂವತ್ತು ವರ್ಷ ನಡೆದು ನಿವೃತ್ತನಾಗುತ್ತಿದ್ದ ಅಂಚೆಯಣ್ಣ ಅವಳು ಕುಂಟುವುದನ್ನು ಬಾಗಿಲಿಂದಲೇ ನೋಡಿದ್ದ. ತನ್ನ ಅಗಲವಾದ ಬೂಟು ಮುಂದೆ ಚಾಚಿ, “ಇದು ನಿಮ್ಮ ಯಜಮಾನ್ರೇ ಅಳೆದು ಕೊಟ್ಟಿದ್ದು ತಂಗಿ. ಒಂಬತ್ತು ವರ್ಷ ಒಂದು ಗುಳ್ಳೆ ಎದ್ದಿಲ್ಲ. ನಿಮಗೆ ಯಾಕೆ ಹಿಂಗೆ?” ಅಂದ.

“ಹೊಸದಲ್ವಾ ಅಣ್ಣ, ಕಚ್ಚುತ್ತೆ.”

“ಹೊಸದು ಕಚ್ಚುತ್ತೆ. ಇದು ನುಂಗ್ತಾ ಇದೆ.”

ಮನೆಗೆ ಬಂದು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡಿದ್ದಾಗ ಮಗಳು ಬಂದಳು. ಬೆರಳುಗಳು ಕೆಂಪಗೆ ಊದಿದ್ದವು, ಹೆಬ್ಬೆರಳ ಉಗುರು ಕಪ್ಪಾಗಿತ್ತು.

“ಅಮ್ಮಾ! ಇದೇನಿದು? ಅಪ್ಪಂಗೆ ತೋರಿಸಿದ್ಯಾ?”

“ನಿಮ್ಮಪ್ಪಂಗೆ ತೋರ್ಸೋದಾ? ಬೇಡ ಕಣೇ.”

ಮಗಳ ಮುಂದೆ ಆಗ ಒಂದೊಂದಾಗಿ ಎಲ್ಲ ಹೊರಬಿತ್ತು. ಅವಳು ಬೀರುವಿನ ಹಿಂದೆ ಕೈಹಾಕಿ ಹದಿನಾರು ಜೊತೆ ಅಟ್ಟೆ ಎಳೆದು ನೆಲದ ಮೇಲೆ ಗುಡ್ಡೆ ಹಾಕಿದಳು. “ಊರಿಗೆಲ್ಲ ಬುದ್ಧಿ ಹೇಳ್ತಾರೆ, ದೀಪದ ಬುಡದಲ್ಲಿ ಕತ್ತಲು! ನೀನು ಹೇಳ್ತೀಯೋ ನಾನು ಹೇಳ್ಲೋ?”

“ಬಾಯಿ ಮುಚ್ಚು. ಅವರ ಮರ್ಯಾದೆ ಪ್ರಶ್ನೆ.”

“ಅವರ ಮರ್ಯಾದೆ ನಿನ್ನ ಉಗುರಲ್ಲಿ ಇದೆಯಾ? ಸರಿ, ಬೇರೆ ಅಂಗಡೀಲಿ ತಗೋ ಹೋಗು.”

ಬುಧವಾರ ಅವಳು ಹೋದಳು, ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಅಂಗಡಿಗೆ. ಮಫ್ಲರ್ ಮೂಗಿನವರೆಗೂ ಎಳೆದುಕೊಂಡು, ಕಳ್ಳಿಯ ಹಾಗೆ. ಒಂದು ಬೂಟು ಕೈಗೆತ್ತಿಕೊಂಡಿದ್ದಳಷ್ಟೇ, ಮಾಲೀಕ ಓಡಿಬಂದ. “ಅಯ್ಯೋ, ಮೂವತ್ತಾರಕ್ಕ! ನಮ್ಮ ಭಾಗ್ಯ! ಏನು, ಮನೇಲಿ ಜಗಳಾನಾ?” ಅವನ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ಎರಡು ದಿನದೊಳಗೆ ಇದು ದೊಡ್ಡ ರಸ್ತೆ ತಲುಪುವುದು ಖಂಡಿತ. “ಟೈಮ್ ಎಷ್ಟು ಅಂತ ಕೇಳೋಕೆ ಬಂದೆ” ಅಂದು ಅವಳು ಬೂಟು ಕೆಳಗಿಟ್ಟು ಹೊರಬಂದಳು. ಹೊರಗೆ ನಿಂತಾಗಲೇ ಅವಳಿಗೆ ಗೊತ್ತಾದದ್ದು, ಈ ವಿಷಯ ಗಂಡನಿಗೆ ಯಾರ ಬಾಯಿಂದಲಾದರೂ ಗೊತ್ತಾಗಬೇಕಾದರೆ ಅದು ತನ್ನ ಬಾಯಿಯೇ ಆಗಿರಬೇಕು. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಬಾಯಿ ತೆರೆದಳು, ಮುಚ್ಚಿದಳು. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಗುರುವಾರ ವಾಪಸ್ಸಾಗುವಾಗ ಎರಡು ಇಪ್ಪತ್ತು. ಮುಖ್ಯಸ್ಥೆ ವೇಳೆಯನ್ನು ಪುಸ್ತಕದಲ್ಲಿ ಬರೆದುಕೊಂಡಳು, ಅದೇ ಹೆಚ್ಚು ಹೆದರಿಕೆ. ಅವಳು ಖಾಲಿ ಚೀಲ ಹೆಗಲಲ್ಲಿಟ್ಟುಕೊಂಡೇ ನೆಟ್ಟಗೆ ಗಂಡನ ಅಂಗಡಿಗೆ ನಡೆದಳು.

ಅಂಗಡಿಯಲ್ಲಿ ಒಬ್ಬ ದಪ್ಪನೆಯ ಗಿರಾಕಿ ಹೊಸ ಬೂಟು ಹಾಕಿಸಿಕೊಂಡು ಹಿಂದೆ ಮುಂದೆ ಓಡಾಡುತ್ತಿದ್ದ. ಗಂಡನ ಮುಖ ಅರಳಿತು. “ಸಾರ್, ಹೇಳ್ತಿದ್ನಲ್ಲ, ಇವಳೇ ನಮ್ಮ ಮೂವತ್ತಾರು! ಏನೇ, ಈ ಹೊತ್ನಲ್ಲಿ?”

ಅವಳು ಅಳತೆಯ ಕುರ್ಚಿಯಲ್ಲಿ ಕೂತಳು. “ಅಳತೆ ತಗೊಳ್ಳಿ.”

“ಯಾರದ್ದು?”

“ನಂದು.”

ಅವನು ನಕ್ಕ. “ನಿಂದು ತಗೊಳ್ಳೋದಾ? ಸಾರ್, ನೋಡಿ ತಮಾಷೆ.”

“ತಮಾಷೆ ಅಲ್ಲ ರೀ. ತಗೊಳ್ಳಿ.”

ಅವನು ಮಂಡಿಯೂರಿ ಬೂಟು ಎಳೆದ. ಬರಲಿಲ್ಲ. ಇನ್ನಷ್ಟು ಎಳೆದ. ಅವಳು ಹಲ್ಲು ಕಚ್ಚಿದಳು, ಬೂಟು ಕಳಚಿತು. ಅಭ್ಯಾಸಬಲದಿಂದ ಅವನು ಒಳಗೆ ಕೈಹಾಕಿ ತಡಕಿದ, ಅಟ್ಟೆ ಇರಲಿಲ್ಲ. ಅವನ ನಗು ಅಲ್ಲೇ ನಿಂತಿತು. ಅಳತೆ ಮಣೆ ಎಳೆದುಕೊಂಡು, ಅವಳನ್ನು ನಿಲ್ಲಿಸಿ, ಎಡಗಾಲು ಅಳೆದ. ಬಲಗಾಲು ಅಳೆದ. ಮತ್ತೆ ಎಡಗಾಲು.

“ಎಷ್ಟು?” ಅಂದಳು.

“ಎಡ ಮೂವತ್ತೆಂಟು. ಬಲ ಮೂವತ್ತೇಳೂವರೆ.”

ಓಡಾಡುತ್ತಿದ್ದ ಗಿರಾಕಿ ನಿಂತುಬಿಟ್ಟ. “ಸಾರ್, ಹಂಗಾದ್ರೆ ನಂದೂ ಇನ್ನೊಂದ್ಸಲ ನೋಡ್ಬಿಡಿ.”

ಗಂಡನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು, ಎರಡನ್ನೂ ತಡೆದಳು. ಅವನು ಎದ್ದು ಒಳಗೆ ಹೋಗಿ ಒಂದು ಡಬ್ಬ ತಂದ. ಮೂವತ್ತೊಂಬತ್ತು, ಕಪ್ಪು, ಚೂಪು.

“ಅದಲ್ಲ” ಅಂದಳು. “ಅದು.”

ಅವಳು ತೋರಿಸಿದ್ದು ಕಿಟಕಿಯ ಪಕ್ಕದ್ದು. ದ್ರಾಕ್ಷಿ ಬಣ್ಣ, ಅಗಲ ಮೂತಿ, ಇಟ್ಟಿಗೆಯಂಥ ತಳ, ಹಳದಿ ಲೇಸು. ಅಂಥವನ್ನು ಅವನು ‘ಎಮ್ಮೆ ಗೊರಸು’ ಅಂತಲೇ ಕರೆಯುತ್ತಿದ್ದ.

“ಅದಾ? ನಿನಗಾ?”

“ಹೂಂ. ಹೋದ ವರ್ಷದಿಂದ ನೋಡ್ತಾ ಇದ್ದೀನಿ. ಬಣ್ಣ ಚೆನ್ನಾಗಿದೆ.”

ಅವನು ತಂದ. ಉಣ್ಣೆಯ ಸಾಕ್ಸ್ ಹಾಕಿಸಿದ, ಲೇಸು ಕಟ್ಟಿದ, ಹೆಬ್ಬೆರಳಿಂದ ಮೂತಿ ಒತ್ತಿ ನೋಡಿದ. ಅವಳು ಎದ್ದು ಬಾಗಿಲವರೆಗೆ ಹೋಗಿ ಬಂದಳು. ಇನ್ನೊಮ್ಮೆ ಹೋಗಿ ಬಂದಳು. ಮೂರನೇ ಸಲ ಸುಮ್ಮನೆ ಹೋದಳು, ಬೇಕಿಲ್ಲದಿದ್ದರೂ. ಹದಿನಾರು ವರ್ಷದಲ್ಲಿ ಬೆರಳುಗಳು ಮೊದಲ ಸಲ ಒಂದರ ಪಕ್ಕ ಒಂದು ಕೂತಿದ್ದವು.

ಸಂಜೆ ಇಬ್ಬರೂ ಮನೆಗೆ ಬಂದರು. ಬಾಗಿಲ ಬಳಿ ಕೋಟು ತೂಗುಹಾಕುತ್ತ ಕೇಳಿದ, “ಯಾವಾಗಿಂದ?”

“ಇವಳು ಹುಟ್ಟಿದಾಗಿಂದ.”

“ಹದಿನಾರು ವರ್ಷ!” ಅಲ್ಲೇ ಮೆಟ್ಟಿಲ ಮೇಲೆ ಕೂತ. “ಊರಲ್ಲಿ ಯಾರ ಕಾಲು ಅರ್ಧ ನಂಬರ್ ಬೆಳೆದ್ರೂ ಅವರ ನಡಿಗೆ ನೋಡೇ ಹೇಳ್ತೀನಿ ನಾನು. ನಿನ್ನ ನಡಿಗೆ ನೋಡಲೇ ಇಲ್ವಲ್ಲೇ. ನೀನಾದ್ರೂ ಬೈಬಾರ್ದಿತ್ತಾ?”

“ಬೈಯೋ ಹಾಗೆ ಏನಿತ್ತು? ಅಷ್ಟು ಖುಷೀಲಿ ತರ್ತಿದ್ರಿ.”

“ನನ್ನ ಖುಷಿಗೆ ಬೆಂಕಿ ಹಾಕ” ಅಂದ. ಒಳಗಿಂದ ಮಗಳು, “ಅಪ್ಪಾ, ಬೆಂಕಿ ಹಾಕೋಕೆ ಹದಿನಾರು ಜೊತೆ ಅಟ್ಟೆ ಇದೆ, ಬೇಕಾ?” ಅಂದಳು. ಅವನು ಏನೋ ಎಸೆಯಲು ಹುಡುಕಿದ, ಸಿಕ್ಕಿದ್ದು ಕೈಗವಸು, ಅದನ್ನೇ ಎಸೆದ.

ಶುಕ್ರವಾರ ಅವಳು ವಾಪಸ್ಸಾದದ್ದು ಒಂದು ಹದಿನೈದಕ್ಕೆ. ಊದಿದ ಬೆರಳು ಒಂದೇ ದಿನದಲ್ಲಿ ಇಳಿಯುತ್ತದೆಯೇ? ಉಳಿದದ್ದು ಒಂದೇ ದಿನ.

ಶನಿವಾರ ಬೆಳಗಿನಿಂದಲೇ ಸಣ್ಣಗೆ ಮಂಜು ಬೀಳುತ್ತಿತ್ತು. ಮೊದಲ ಮೆಟ್ಟಿಲ ಸಾಲು ಹತ್ತುವಾಗ ನೋವು ಇತ್ತು, ಎರಡನೆಯದರಲ್ಲಿ ಕಡಿಮೆ, ಮೂರನೆಯದರಲ್ಲಿ ಅವಳಿಗೆ ನೋವಿನ ನೆನಪೇ ಇರಲಿಲ್ಲ, ಒಂದು ನಾಯಿ ಬೆನ್ನಟ್ಟಿತ್ತು. ನೂರಾ ಎಂಬತ್ತನೇ ಬಾಗಿಲಲ್ಲಿ ಒಬ್ಬಳು ಅಜ್ಜಿ ಬೂಟು ನೋಡಿ, “ಎಲ್ಲಿ ತಗೊಂಡೆ ಮಗಳೇ?” ಅಂತ ನಿಲ್ಲಿಸಿದಳು. “ಸೋಮವಾರ ಹೇಳ್ತೀನಿ ಅಜ್ಜಿ!” ಅಂತ ಓಡಿದಳು. ಓಡಿದಳು ಅನ್ನುವುದು ಅವಳಿಗೆ ತಿಳಿದದ್ದು ಎರಡು ಮನೆ ದಾಟಿದ ಮೇಲೆ.

ಅಂಚೆ ಕಚೇರಿಯ ಗಡಿಯಾರದಲ್ಲಿ ಹನ್ನೆರಡು ಐವತ್ತೆರಡು. ಮುಖ್ಯಸ್ಥೆ ಚೀಲ ತಲೆಕೆಳಗು ಮಾಡಿ ನೋಡಿದಳು, ಏನೂ ಬೀಳಲಿಲ್ಲ. “ಸೋಮವಾರ ಎಂಟಕ್ಕೆ ಬನ್ನಿ. ಟೋಪಿ ಆಗ ಕೊಡ್ತೀನಿ” ಅಂದಳು. ಅಷ್ಟೇ.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಇದ್ದ. ಮಧ್ಯಾಹ್ನದ ರಜೆ ಹಾಕಿ ಬಂದಿದ್ದ. ಅವಳ ಮುಖ ನೋಡುವ ಮೊದಲು ಬೂಟು ನೋಡಿದ.

“ಹಿಮ್ಮಡಿ ಎದ್ದು ಬರ್ತಿತ್ತಾ?”

“ಇಲ್ಲ.”

“ಇಳಿಜಾರಲ್ಲಿ ಬೆರಳು ಮುಂದೆ ಬಡೀತಾ?”

“ಇಲ್ಲ ರೀ.”

“ನೀರು ಒಳಗೆ ಹೋಯ್ತಾ?”

“ಇಲ್ಲ ಅಂದ್ನಲ್ಲ. ಕೆಲಸ ಸಿಕ್ತು.”

“ಅದನ್ನ ಮೊದಲು ಹೇಳ್ಬಾರ್ದಾ!” ಅಂದ ಅವನು. “ಕೂತ್ಕೋ, ಬಿಚ್ಚು, ಉಗುರು ತೋರಿಸು.”