ಹನ್ನೊಂದು ಒಂದುಗಳ ಹಂಚು

ನನ್ನ ಗಂಡ ಕುಶಾಲಪ್ಪ ಶಿರ್ತಾಡಿಯವರು. ನಾಲ್ಕನೇ ಕ್ಲಾಸು ಓದಿದ್ದರು. ಬಂಟ್ವಾಳದ ಹಂಚಿನ ಕಾರ್ಖಾನೆಯಲ್ಲಿ ಅವರಿಗೆ ಭಟ್ಟಿಗೆ ಕಟ್ಟಿಗೆ ಹಾಕುವ ಕೆಲಸ, ನನಗೆ ಹಸಿ ಹಂಚು ಹೊರುವ ಕೆಲಸ. ಐವತ್ತೆಂಟನೇ ಇಸವಿಯಲ್ಲಿ ಅವರ ಕೆಮ್ಮಿನ ಜೊತೆ ರಕ್ತ ಬಂತು. ಬೆಂಕಿಯ ಹತ್ತಿರ ಇನ್ನು ಕೂಡದು ಎಂದರು ಡಾಕ್ಟರು. ಹಂಚು ಎಣಿಸುವ ಶೆಡ್ಡಿನಲ್ಲಿ ಒಂದು ಜಾಗ ಖಾಲಿ ಇತ್ತು. ಅದನ್ನು ಕೇಳಲು ಕಾರ್ಖಾನೆಯ ಲೆಕ್ಕ ಬರೆಯುವ ರೈಟರ್ ಲೋಕನಾಥರ ಹತ್ತಿರ ಹೋದರು.

ರೈಟರು ಊಟ ಮುಗಿಸಿ ವೀಳ್ಯ ಮಡಚುತ್ತಿದ್ದರು. ಸುತ್ತ ಜನ ಇದ್ದರು.

"ಲೆಕ್ಕ ಬರ್ತದಾ ನಿನಗೆ?"

"ಬರ್ತದೆ ಧಣಿ."

"ಹಾಗಾದ್ರೆ ಹನ್ನೊಂದು ಸಲ ಒಂದು ಬರಿ. ಸಾವಿರದ ನೂರ ಹನ್ನೊಂದು ಕೋಟಿ ಚಿಲ್ಲರೆ ಆಗ್ತದೆ. ಶೇಷ ಬಾರದ ಹಾಗೆ ಅದು ಯಾವುದರಿಂದ ಭಾಗ ಹೋಗ್ತದೆ, ಹೇಳು. ಹೇಳಿದ ದಿನ ಶೆಡ್ಡಿಗೆ ಬಾ. ಒಂದರಿಂದ, ಅದರಿಂದಲೇ ಅಂತ ಹೇಳ್ಬೇಡ ಮತ್ತೆ!"

ಎಲ್ಲರೂ ನಕ್ಕರು. ಇವರು ನಗಲಿಲ್ಲ. ಅದೇ ವಾರ ರೈಟರ ಭಾವ ಶೆಡ್ಡಿನಲ್ಲಿ ಕೂತ. "ಅವ ನಾನು ಬರುವವರೆಗೆ ಮಾತ್ರ" ಎಂದರು ಇವರು ನನ್ನ ಹತ್ತಿರ.

ಕಾಗದ ಇರಲಿಲ್ಲ. ಸೊಟ್ಟಗಾದ ಹಸಿ ಹಂಚಿನ ಮೇಲೆ ಮೊಳೆಯಲ್ಲಿ ಗೀಚಿ ಭಾಗಿಸುತ್ತಿದ್ದರು. ಸಂಜೆ ಅದು ಪುನಃ ಮಣ್ಣಿನ ಹೊಂಡಕ್ಕೆ.

"ಹತ್ತು ಒಂದು ಇದ್ರೆ ಹನ್ನೊಂದರಿಂದ ಹೋಗ್ತದೆ. ಹನ್ನೆರಡು ಇದ್ರೆ ಮೂರರಿಂದ ಹೋಗ್ತದೆ. ನಡುವಿನ ಇದಕ್ಕೆ ಮಾತ್ರ ಹಠ, ನೋಡು."

"ನಿಮಗೆ ಮರ್ಲು" ಎಂದೆ.

ಏಳು, ಹದಿಮೂರು, ಹದಿನೇಳು, ಎಲ್ಲದಕ್ಕೂ ಶೇಷ ಬಂತು. ಮೂರರಿಂದ ಹೋಗದ್ದು ಒಂಬತ್ತರಿಂದಲೂ ಹೋಗುವುದಿಲ್ಲ ಎಂದು ಅಂಥವನ್ನೆಲ್ಲ ಬಿಟ್ಟರು. ಉಳಿದವೇ ಸಾವಿರಾರು. ಎರಡು ಮಳೆಗಾಲ ಹೋಯಿತು. ಕೆಮ್ಮು ಹೋಗಲಿಲ್ಲ.

ಒಂದು ಮಧ್ಯಾಹ್ನ ನನ್ನ ತಲೆಯ ಮೇಲಿನ ಹೊರೆ ತಾವೇ ಇಳಿಸಿ ತೋರಿಸಿದರು. ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು. ಅದರಿಂದ ಭಾಗಿಸಿದರೆ ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು. ಶೇಷ ಸೊನ್ನೆ. ಆ ಹಂಚನ್ನು ಹೊಂಡಕ್ಕೆ ಹಾಕಲಿಲ್ಲ. ತಾವೇ ಸುಟ್ಟು, ಗೋಣಿಯಲ್ಲಿ ಸುತ್ತಿ ರೈಟರ ಹತ್ತಿರ ಒಯ್ದರು. ನಾನೂ ಹಿಂದೆ ಹೋದೆ.

ರೈಟರು ಕಾಗದದಲ್ಲಿ ಗುಣಿಸಿದರು. ಸಾಲಾಗಿ ಹನ್ನೊಂದು ಒಂದು ಬಂತು.

"ಸರಿ ಉಂಟು ಮಾರಾಯ! ಇಷ್ಟು ಸಮಯ ಇದನ್ನೇ ಮಾಡಿದ್ದಾ?"

"ಶೆಡ್ಡಿಗೆ ಯಾವಾಗ ಬರಲಿ ಧಣಿ?"

ರೈಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಭಾವ ಇದ್ದಾನಲ್ಲ. ಅವನಿಗೆ ಮೂರರ ಮಗ್ಗಿ ಬರುವುದಿಲ್ಲ, ಕಾರ್ಖಾನೆ ಏನು ಮುಳುಗಿತಾ? ಹೋಗು, ಬೆಂಕಿ ಆರ್ತದೆ."

ಇವರು ಹಂಚನ್ನು ಅಲ್ಲೇ ಬಿಟ್ಟು ಹೋಗಿ ಕಟ್ಟಿಗೆ ಹಾಕಿದರು. ಆಮೇಲೆ ಲೆಕ್ಕದ ಮಾತು ಆಡಲಿಲ್ಲ. ಅರುವತ್ತೊಂದರ ಬೇಸಗೆಯಲ್ಲಿ ಭಟ್ಟಿಯ ಬಾಯಿಯಲ್ಲೇ ಬಿದ್ದರು. ನಾಲ್ಕು ಜನ ಹೊರಗೆ ತಂದರು.

ಇವರ ಉತ್ತರಕ್ರಿಯೆಯ ಬೊಜ್ಜ ಕಳೆದು ಕೆಲಸಕ್ಕೆ ಹೋದ ದಿನ ರೈಟರ ಹತ್ತಿರ ಆ ಹಂಚು ಕೇಳಿದೆ. ಅದು ಅವರ ಮೇಜಿನ ಕಾಲಿನ ಅಡಿಯಲ್ಲಿತ್ತು. ಇವರು ಗೀಚಿದ್ದು ಕಾಣುತ್ತಿತ್ತು.

"ಅದನ್ನು ತೆಗೆದ್ರೆ ಮೇಜು ಅಲುಗಾಡ್ತದಲ್ಲ ಮಾರಾಯ್ತಿ. ಹಂಚು ಬೇಕಾದ್ರೆ ಹೊರಗೆ ರಾಶಿ ಉಂಟು."

ಹೊರಗೆ ರಾಶಿ ಇತ್ತು. ತಲೆಗೆ ಸಿಂಬಿ ಇಟ್ಟು ಹೊತ್ತೆ.