ಏಳನೇ ಕೌಂಟರಿನ ದುಭಾಷಿ

ಜಪಾನಿನ ಓಜಿಮಾದ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದ ಹೆಂಗಸರು ವೇದವಲ್ಲಿಯನ್ನು ‘ಸಹಾಯವಾಣಿ’ ಎಂದು ಆಡಿಕೊಳ್ಳುತ್ತಿದ್ದರು. ಲಸಿಕೆ ಎಲ್ಲಿ, ಟ್ಯೂಷನ್ ಎಲ್ಲಿ, ಯಾವ ಕೌಂಟರಿನಲ್ಲಿ ಯಾವ ಫಾರಂ ಎಂಬ ಚೀಟಿಗಳ ನಡುವೆ ಅವಳ ಫ್ರಿಜ್ಜಿನ ಬಾಗಿಲೇ ಕಾಣುತ್ತಿರಲಿಲ್ಲ. ಬೆಂಗಳೂರಿನಲ್ಲಿ ಎಂ.ಕಾಂ. ಮುಗಿಸಿದವಳು, ಇಲ್ಲಿಗೆ ಬಂದು ಎಂಟು ವರ್ಷವಾದರೂ ಅವಳ ಜಪಾನಿ ‘ಕ್ಷಮಿಸಿ’ ಎನ್ನುವ ‘ಸುಮಿಮಾಸೆನ್’ ದಾಟಿ ಬಹಳ ದೂರ ಹೋಗಿರಲಿಲ್ಲ. ಮಗಳು ನಿಶಾ ಹುಟ್ಟಿದಾಗಿನಿಂದ ಎದೆಯೊಳಗೊಂದು ಪುಕಪುಕ. ಮಗು ಎರಡು ಸಲ ಕೆಮ್ಮಿದರೆ ಆಸ್ಪತ್ರೆಯ ನಂಬರು ಹುಡುಕುವಳು. ಆ ಭಯವೇ ಅವಳನ್ನು ಪರರ ಮಕ್ಕಳ ಕಡೆಗೂ ತಳ್ಳಿತ್ತು.

ಹಾಗೆ ಕಣ್ಣಿಗೆ ಬಿದ್ದವಳು ಮೇಲಿನ ಮಹಡಿಯ ಸಂಜನಾ. ಹದಿನಾರು ವರ್ಷ, ಚಿಕ್ಕಂದಿನಿಂದ ಇಲ್ಲಿಯ ಶಾಲೆಯಲ್ಲೇ ಓದಿದವಳು. ತಾಯಿ ಪದ್ಮಾಗೆ ಮನಸ್ಸಿನ ಕಾಯಿಲೆ, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ತಂದೆ ಹರಿಪ್ರಸಾದ ಕಂಪನಿ ಕೆಲಸದ ಮೇಲೆ ದೂರದ ಸೆಂಡಾಯ್‌ನಲ್ಲಿ. ತಿಂಗಳಿಗೊಮ್ಮೆ ಬಂದು, ಮನೆ ವಿಷಯ ಹೊರಗೆ ಹೋಗಬಾರದು ಎಂದು ಹೇಳಿ ಹೋಗುವವನು. ಅಡುಗೆ, ಮಾತ್ರೆ, ಡಾಕ್ಟರಿಗೆ ಅಮ್ಮನ ಮಾತನ್ನು ಜಪಾನಿಯಲ್ಲಿ ಒಪ್ಪಿಸುವುದು ಎಲ್ಲ ಹುಡುಗಿಯ ಪಾಲು. ಹೈಸ್ಕೂಲು ಬಿಟ್ಟು ಎಂಟು ತಿಂಗಳಾಗಿತ್ತು.

ವಾರ್ಡ್ ಆಫೀಸಿನ ಏಳನೇ ಕೌಂಟರಿನಲ್ಲಿ ಮನೆಯ ಭಾರ ಹೊತ್ತ, ದೊಡ್ಡವರಿಗೆ ದುಭಾಷಿಯಾಗುವ ಇಂಥ ಮಕ್ಕಳಿಗೆ ನೆರವಿತ್ತು. ಮನೆಗೆ ಸಹಾಯಕಿಯನ್ನು ಕಳಿಸುತ್ತಾರೆ, ಮಧ್ಯಾಹ್ನದ ಶಾಲೆಗೆ ಸೇರಿಸುತ್ತಾರೆ. ಅರ್ಜಿಗೆ ಅಂದೇ ಕೊನೆಯ ದಿನ. ಮೂರು ವಾರ ಬೆನ್ನುಹತ್ತಿ ವೇದವಲ್ಲಿ ಅವಳನ್ನು ಕರೆತಂದಿದ್ದಳು. ನಿಶಾಳೂ ಜೊತೆಗಿದ್ದಳು. ಕೌಂಟರಿನ ಓತಾ ಸಾನ್ ಇಂಗ್ಲಿಷ್ ದುಭಾಷಿಗೆ ಫೋನ್ ಮಾಡಲು ಹೊರಟರು.

“ಬೇಡ ಆಂಟಿ, ಕಾಲು ಗಂಟೆ ಕಾಯಿಸ್ತಾರೆ. ನೀವು ಕನ್ನಡದಲ್ಲಿ ಹೇಳಿ, ನಾನೇ ಹೇಳ್ತೀನಿ,” ಎಂದಳು ಸಂಜನಾ.

ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂಬ ಇಲ್ಲಿಯ ಪಾಠವನ್ನು ವೇದವಲ್ಲಿ ಭಾಷೆಗಿಂತ ಚೆನ್ನಾಗಿ ಕಲಿತಿದ್ದಳು. ಒಪ್ಪಿದಳು. ಶಾಲೆ ಬಿಟ್ಟದ್ದು, ಪದ್ಮಾ ಊಟ ಬಿಟ್ಟದ್ದು, ಎಲ್ಲ ಹೇಳಿದಳು. ಸಂಜನಾ ತಗ್ಗಿದ ದನಿಯಲ್ಲಿ ಜಪಾನಿಯಲ್ಲಿ ಹೇಳುತ್ತ ಹೋದಳು. ಓತಾ ಸಾನ್ ತಲೆಯಾಡಿಸಿದರು, ನಕ್ಕರು, ಫಾರಂ ಮಡಚಿಟ್ಟರು.

“ಮುಗೀತು ಆಂಟಿ. ಅವರೇ ಫೋನ್ ಮಾಡ್ತಾರಂತೆ.”

ಲಿಫ್ಟಿನ ಮುಂದೆ, ನೆರೆಯ ಮಕ್ಕಳೊಡನೆ ಆಡಿ ಜಪಾನಿ ಕಲಿತಿದ್ದ ಏಳು ವರ್ಷದ ನಿಶಾ ಅಮ್ಮನ ಕೈ ಎಳೆದಳು. “ಅಮ್ಮಾ, ಅಕ್ಕ ಯಾಕೆ ಲೈ ಮಾಡಿದ್ಲು? ಎವ್ರಿಡೇ ಸ್ಕೂಲ್ ಹೋಗ್ತೀನಿ, ಅಮ್ಮ ಫೈನ್ ಅಂದ್ಲು.”

ವೇದವಲ್ಲಿ ಹುಡುಗಿಯತ್ತ ತಿರುಗಿದಳು. “ಏನೇ ಇದು, ಸಂಜನಾ?”

“ಮತ್ತಿನ್ನೇನ್ ಹೇಳ್ಲಿ? ಮನೆ ಹೀಗಿದ್ರೆ ಮಕ್ಕಳನ್ನ ಕರ್ಕೊಂಡ್ ಹೋಗಿ ಬೇರೆ ಕಡೆ ಇಡ್ತಾರೆ. ಆಮೇಲೆ ಅಮ್ಮಂಗೆ ಮಾತ್ರೆ ನೀವ್ ಕೊಡ್ತೀರಾ?”

“ಹಾಗೇನೂ ಮಾಡಲ್ಲ ಕಣೇ...”

“ಓದಿದೀರಾ ರೂಲ್ಸು? ನಿಮಗೆ ಅದರ ಬೋರ್ಡೇ ಓದಕ್ಕೆ ಬರಲ್ಲ.” ಹುಡುಗಿ ಲಿಫ್ಟಿನ ಗುಂಡಿ ಒತ್ತಿದಳು. “ವಾಪಸ್ ಹೋಗಿ ಹೇಳಿದ್ರೆ ಇನ್ಮೇಲೆ ನಮ್ಮನೆ ಬೆಲ್ ಒತ್ಬೇಡಿ.”

ಕೌಂಟರು ಮುಚ್ಚಲು ಐದು ನಿಮಿಷವಿತ್ತು. ಹುಡುಗಿ ಹೇಳಿದ್ದು ನಿಜವೋ ಸುಳ್ಳೋ, ವೇದವಲ್ಲಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬಿಟ್ಟರೆ ಮೇಲಿನ ಮನೆಯಲ್ಲಿ ಒಂದು ದಿನ ಏನಾಗಬಹುದು ಎಂಬುದು ಮಾತ್ರ ಮನಸ್ಸು ಬೇಡವೆಂದರೂ ಕಾಣುತ್ತಿತ್ತು. ನಿಶಾಳನ್ನು ಎಳೆದುಕೊಂಡು ಓಡಿದಳು.

“ಸುಮಿಮಾಸೆನ್, ಓತಾ ಸಾನ್! ಸಂಜನಾ, ಸ್ಕೂಲ್...” ಮುಂದಿನ ಶಬ್ದ ಸಿಗಲಿಲ್ಲ. ದುಭಾಷಿಯ ಫೋನ್ ಸೇವೆ ಆ ದಿನಕ್ಕೆ ಆಗಲೇ ಮುಗಿದಿತ್ತು. ಮಗಳನ್ನು ಮುಂದಕ್ಕೆ ತಳ್ಳಿದಳು. “ನೀನೇ ಹೇಳು ಪುಟ್ಟಾ. ಅಕ್ಕ ಶಾಲೆಗೆ ಹೋಗ್ತಿಲ್ಲ. ಅವರಮ್ಮ ಏಳೋದೇ ಇಲ್ಲ. ಹೇಳು.”

ನಿಶಾ ತುದಿಗಾಲಲ್ಲಿ ನಿಂತು ಹೇಳಿದಳು. ಓತಾ ಸಾನ್ ಮುಖದ ನಗು ಆರಿತು. ಮಡಚಿಟ್ಟ ಫಾರಂ ಬಿಡಿಸಿ ಬರೆಯತೊಡಗಿದರು. ಬರೆದು ಮುಗಿಸಿ ಕೌಂಟರಿನಾಚೆಯಿಂದ ಬಂದರು. ನಿಶಾಳ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಏನೋ ಕೇಳಿದರು. ನಿಶಾ ಹೆಮ್ಮೆಯಿಂದ ಹೌದೆಂದು ತಲೆಯಾಡಿಸಿ, “ಹಾಯ್,” ಎಂದಳು.

“ಏನಂತೆ?”

“ಅಮ್ಮನ ಪರವಾಗಿ ಯಾವಾಗ್ಲೂ ನೀನೇ ಮಾತಾಡ್ತೀಯಾ ಅಂತ. ಎಸ್ ಅಂದೆ.”

ವೇದವಲ್ಲಿ ಹಿಂತಿರುಗಿ ನೋಡಿದಳು. ಲಿಫ್ಟಿನ ಮುಂದೆ ಯಾರೂ ಇರಲಿಲ್ಲ.