ಕೊನೆಯ ಡಬ್ಬಿಗೂ ಅಷ್ಟೇ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಲೂಗಡ್ಡೆ ಹೊಲದ ನಡುವಿನಿಂದ ಅಂಚಿನ ತನಕ ಒಬ್ಬ ಹೆಂಗಸು ಖಾಲಿ ಹಾಲುಪುಡಿ ಡಬ್ಬಿಗಳನ್ನು ಸಾಲಾಗಿ ಇಡುತ್ತ ನಡೆಯುತ್ತಿದ್ದಾರೆ. ಬೇಲಿಯಾಚೆ ಸೈಕಲ್ ನಿಲ್ಲಿಸಿದ ಪಕ್ಕದ ಹೊಲದವನು ಕೇಳುತ್ತಾನೆ: "ಏನ್ ಡಬ್ಬಿ ಅಕ್ಕಾ, ಅಂಗಡಿ ಇಟ್ರಾ?"

"ಹೂಂ ಕಣಪ್ಪಾ. ಇವತ್ತು ನೀರು ಮಾತ್ರ ಇದೆ. ಬೇಕಾ?"

ಹೊಲ ದುಂಡಗಿದೆ. ನಡುವೆ ಹೊಂಡದಿಂದ ನೀರು ಬರುವ ಕಂಬ. ಅದಕ್ಕೆ ಕಟ್ಟಿಕೊಂಡ ಉದ್ದನೆಯ ಪೈಪು ಚಕ್ರವಿರುವ ಕಬ್ಬಿಣದ ಕಾಲುಗಳ ಮೇಲೆ ನಿಂತು, ಒಂಟಿ ಮುಳ್ಳಿನ ಗಡಿಯಾರದಂತೆ ಹೊಲ ಸುತ್ತುತ್ತ ಮಳೆ ಸುರಿಸುತ್ತದೆ. ಯಂತ್ರ ಮಾರಿದ ಅಂಗಡಿಯವರು ಇದನ್ನು ಸೆಂಟರ್ ಪಿವಟ್ ಎನ್ನುತ್ತಾರೆ. ಅಕ್ಕ ಮಾತ್ರ 'ದೊಡ್ಡಪ್ಪ' ಎನ್ನುತ್ತಾರೆ. "ಅವಸರ ಅನ್ನೋದೇ ಗೊತ್ತಿಲ್ಲ ಇವನಿಗೆ. ಇವತ್ತು ಹೊರಟ್ರೆ ನಾಳೆ ಬರ್ತಾನೆ. ದಾರೀಲಿ ಎಲ್ಲಿ ಕೂತ ಅಂತ ನಾವೇ ಹುಡುಕ್ಕೊಂಡು ಹೋಗ್ಬೇಕು."

ಹುಡುಕಿಕೊಂಡು ಹೋಗುವುದೇ ಇವರ ಕೆಲಸ. ಕೆಸರಲ್ಲಿ ಹೂತ ಚಕ್ರ ಎತ್ತಿಸಬೇಕು, ಟೈರಿಗೆ ಗಾಳಿ ತುಂಬಬೇಕು, ನೀರು ಚಿಮ್ಮಿಸುವ ನಾಜಲ್ ಕಟ್ಟಿಕೊಂಡರೆ ಬಿಡಿಸಬೇಕು. ಗಾಳಿ ಏಳುವ ಮೊದಲೇ ಯಂತ್ರ ಶುರುವಾಗಬೇಕು, ಇಲ್ಲದಿದ್ದರೆ ಅರ್ಧ ನೀರು ಪಕ್ಕದವನ ಪಾಲು.

ಹೊಲ ಈ ಅಕ್ಕ ಮತ್ತು ಅವರ ಅಣ್ಣ ಇಬ್ಬರದೂ. ಒಳಗಿನದೆಲ್ಲ ಅಣ್ಣನದು, ಅಂಚಿನ ಸುತ್ತು ತಂಗಿಯದು. ಈ ಸಲ ಹೊಂಡದ ನೀರು ತಗ್ಗಿದೆ. ಪಂಪಿನ ವೇಗ ಇಳಿಸಲೇಬೇಕು. ಇಳಿಸಿದರೆ ನೀರು ಅಂಚು ಮುಟ್ಟುವುದಿಲ್ಲ, ಕೊನೆಯ ಕಾಲನ್ನು ಅದರ ಪೈಪಿನ ಸಮೇತ ಬಿಚ್ಚಿಡೋಣ ಎಂದು ಅಣ್ಣನ ವಾದ. ಬಿಚ್ಚಿದರೆ ತಂಗಿಯ ಪಟ್ಟಿ ಒಣಗುತ್ತದೆ. ಮುಟ್ಟುತ್ತದೋ ಇಲ್ಲವೋ, ಇವತ್ತು ಡಬ್ಬಿಗಳಲ್ಲಿ ನಿಂತ ನೀರೇ ಹೇಳಬೇಕು.

ಡಬ್ಬಿ ಇಡುವ ರೂಢಿ ಶುರುವಾದದ್ದು ಒಂದು ಎಡವಟ್ಟಿನಿಂದ. ಪೈಪಿನ ಹೊರತುದಿ ದೊಡ್ಡ ಸುತ್ತು ಓಡುವುದರಿಂದ ಅಲ್ಲಿಗೆ ದೊಡ್ಡ ತೂತಿನ ನಾಜಲ್ ಬೇಕು, ನಡುವಿಗೆ ಸಣ್ಣದು ಸಾಕು. ಹೋದ ವರ್ಷ ಅಕ್ಕ ಎಲ್ಲವನ್ನೂ ಬಿಚ್ಚಿ, ಒಂದೇ ಟಬ್ಬಿಗೆ ಸುರಿದು, ಪಾತ್ರೆ ಉಜ್ಜಿದ ಹಾಗೆ ಉಜ್ಜಿ, ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ತಿರುಗಿಸಿದರು. ಮೆಕ್ಕೆಜೋಳ ಉಂಗುರ ಉಂಗುರವಾಗಿ ಬಂತು. ಒಂದು ಸುತ್ತು ಆಳೆತ್ತರ, ಪಕ್ಕದ್ದು ಮೊಣಕಾಲುದ್ದ. "ಅಣ್ಣ ಟ್ಯಾಂಕ್ ಹತ್ತಿ ನೋಡಿ, 'ಗ್ರಾಮಫೋನ್ ತಟ್ಟೆ ಬೆಳೆದಿದ್ದೀಯಲ್ಲೇ, ಹಾಡು ಯಾವಾಗ?' ಅಂದ. ಮೂರು ಹೊತ್ತೂ ಅದೇ ಮಾತು. ಅತ್ತಿಗೆ ಬೈದ ಮೇಲೆ ನಿಲ್ಲಿಸಿದ."

ಈ ಸಲ ಕಡಿಮೆ ಒತ್ತಡಕ್ಕೆ ಹೊಂದುವ ನಾಜಲ್ ಹಾಕಿದ್ದಾರೆ, ನೀರು ಗಾಳಿಗೆ ಹೋಗದಂತೆ ಕೊಳವೆಗಳನ್ನು ಗಿಡದ ತಲೆಯವರೆಗೆ ಇಳಿಬಿಟ್ಟಿದ್ದಾರೆ.

ಪೈಪು ನಿಧಾನವಾಗಿ ಡಬ್ಬಿಗಳನ್ನು ದಾಟುತ್ತದೆ. ಅಣ್ಣ ತಂಗಿ ಒಂದೊಂದಕ್ಕೂ ಅಳತೆಕಡ್ಡಿ ಇಳಿಸುತ್ತ ಬರುತ್ತಾರೆ. ಸಮ, ಸಮ, ಸಮ. ಕೊನೆಯದರಲ್ಲಿ ತಳ ಮಾತ್ರ ಒದ್ದೆ.

"ಹೇಳಿದ್ನಲ್ಲ," ಎನ್ನುತ್ತಾನೆ ಅಣ್ಣ. ಗೆದ್ದವನ ಮುಖ ಇಲ್ಲ.

ಅಕ್ಕ ಏಣಿ ತಂದು ತುದಿಯ ನಾಜಲ್ ಬಿಚ್ಚುತ್ತಾರೆ. ಅಂಗೈ ಮೇಲೆ ಒಂದು ಪುಟ್ಟ ಬಸವನಹುಳ ಉರುಳುತ್ತದೆ.

"ನೋಡು, ಇವನು ನಿನ್ನ ಕಡೆಯವನು!"

"ಏ, ನಾನು ಕಳ್ಸಿಲ್ಲ ಕಣೇ!"

ಡಬ್ಬಿಗಳನ್ನು ಬರಿದು ಮಾಡಿ, ಯಂತ್ರವನ್ನು ಹಿಂದಕ್ಕೆ ನಡೆಸುತ್ತಾರೆ. ಪಂಪಿನ ವೇಗ ಅಷ್ಟೇ ಇದೆ. ಈ ಸಲ ಕಡ್ಡಿ ಇಳಿಸುವವನು ಅಣ್ಣ. ಕೊನೆಯ ಡಬ್ಬಿಯಲ್ಲಿ ಎರಡು ಸಲ ಅದ್ದಿ ನೋಡುತ್ತಾನೆ, ಎರಡು ಸಲವೂ ಉಳಿದವುಗಳಷ್ಟೇ ನೀರು. ಆಮೇಲೆ ಕಾಲು ಬಿಚ್ಚಲೆಂದು ತಂದಿದ್ದ ಸ್ಪ್ಯಾನರನ್ನು ಬೈಕಿನ ಪೆಟ್ಟಿಗೆಗೆ ಹಾಕಿ ಮುಚ್ಚುತ್ತಾನೆ. "ಸರಿ, ಇರ್ಲಿ ಬಿಡು ಕಾಲು. ತಿಂಡಿಗೆ ಬಾ."

ಮುಂದಿನ ಬೆಳೆ ಏನು ಎಂದರೆ ಅಕ್ಕನ ಬಳಿ ಉತ್ತರ ಸಿದ್ಧ. "ಕಡಲೆಕಾಯಿ. ಅಣ್ಣ ಬೇಡ ಅಂತಾನೆ, ಹಂದಿ ಬರುತ್ತಂತೆ. ಬರ್ಲಿ. ನನ್ನ ಪಟ್ಟಿ, ನನ್ನ ಹಂದಿ."